ಕಿಲ್ಲಾರ್ನಿಯ ಸರೋವರ ದಡದಲ್ಲಿ ಗಾಲ್ಫ್: ಕಿಲ್ಲೀನೋ, ಮಹನೀಸ್ ಪಾಯಿಂಟೋ?

ಐರ್ಲೆಂಡಿನ ನೈಋತ್ಯ ಮೂಲೆಯ ಕೆರಿ ಕೌಂಟಿಗೆ ಹೋಗುವ ಗಾಲ್ಫ್ ಆಟಗಾರರಿಗೆ ಕಿಲ್ಲಾರ್ನಿ ಗಾಲ್ಫ್ ಅಂಡ್ ಫಿಶಿಂಗ್ ಕ್ಲಬ್ಬಿನಲ್ಲಿ ಹದಿನೆಂಟು ಹೋಲಿನ (ಹೋಲ್ ಎಂದರೆ ಮೊದಲ ಹೊಡೆತದ ಜಾಗದಿಂದ ಕುಳಿಯ ತನಕದ ಒಂದು ಘಟ್ಟ) ಎರಡು ಕೋರ್ಸುಗಳು ಸಿಗುತ್ತವೆ. ಒಂದು ಕಿಲ್ಲೀನ್, ಇನ್ನೊಂದು ಮಹನೀಸ್ ಪಾಯಿಂಟ್. ಎರಡೂ ಲಾಕ್ ಲೇನ್ ಸರೋವರದ ಉತ್ತರ ದಡದಲ್ಲಿವೆ, ಎರಡರ ಪಾರ್ (ನುರಿತ ಆಟಗಾರನಿಗೆ ನಿಗದಿಯಾದ ಹೊಡೆತಗಳ ಸಂಖ್ಯೆ) 72, ಸದಸ್ಯರಲ್ಲದವರು ಹಣ ಕಟ್ಟಿ ಎರಡರಲ್ಲೂ ಆಡಬಹುದು. ಕೈಯಲ್ಲಿ ಎರಡು ದಿನವಿದ್ದರೆ ಎರಡನ್ನೂ ಆಡಿ, ತಲೆ ಕೆಡಿಸಿಕೊಳ್ಳಬೇಡಿ. ಒಂದೇ ದಿನವಿದ್ದಾಗ ಮಾತ್ರ ಆಯ್ಕೆಯ ಪ್ರಶ್ನೆ ಬರುತ್ತದೆ. ಹೆಚ್ಚಿನವರು ಹೆಸರು ನೋಡಿ ಕಿಲ್ಲೀನ್ ಬುಕ್ ಮಾಡುತ್ತಾರೆ. ನೋಡಬೇಕಾದದ್ದು ಹೆಸರನ್ನಲ್ಲ, ನಿಮ್ಮ ಚೆಂಡು ನೆಲ ಮುಟ್ಟುವ ಮೊದಲು ಗಾಳಿಯಲ್ಲಿ ಎಷ್ಟು ಗಜ ಸಾಗುತ್ತದೆ ಎಂಬುದನ್ನು. ಆ ಲೆಕ್ಕವನ್ನು ಬೆಂಗಳೂರಿನಲ್ಲಿ ಮಾಡಿದ್ದರೆ ಕಿಲ್ಲಾರ್ನಿಯಲ್ಲಿ ಅದು ತಪ್ಪುತ್ತದೆ. ಯಾಕೆಂದು ಮುಂದೆ ಹೇಳುತ್ತೇವೆ.

ಮೊದಲು ಎರಡರ ಜಾತಕ. ಕ್ಲಬ್ ಹುಟ್ಟಿದ್ದು 1893ರಲ್ಲಿ. ಅದು ಸರೋವರದ ದಡಕ್ಕೆ ಬಂದದ್ದು 1939ರಲ್ಲಿ, ಆ ಜಮೀನಿನ ಒಡೆತನದ ಮನೆತನದ ಲಾರ್ಡ್ ಕ್ಯಾಸಲ್‌ರಾಸ್ ಎಂಬ ಶೋಕಿ ಮನುಷ್ಯನ ಹಟದಿಂದ. ವಿನ್ಯಾಸದಲ್ಲಿ ಅವನ ಜೊತೆಗಿದ್ದವರು ಸರ್ ಗೈ ಕ್ಯಾಂಪ್‌ಬೆಲ್. 1970ರ ದಶಕದ ಆರಂಭದಲ್ಲಿ ಎಡ್ಡಿ ಹ್ಯಾಕೆಟ್ ಕೈಯಿಂದ ಇನ್ನಷ್ಟು ಹೋಲುಗಳು ಸೇರಿದವು. ಹಳೆಯ ಹೋಲುಗಳನ್ನು ಎರಡು ಪಾಲು ಮಾಡಿ, ಹೊಸವನ್ನು ಬೆರೆಸಿ, ಇಂದಿನ ಎರಡು ಕೋರ್ಸು ಮಾಡಿದರು. ಹಾಗಾಗಿ ಇವು ಒಂದು ಹಳೆಯದು, ಒಂದು ಹೊಸದು ಎಂಬಂತಿಲ್ಲ. ಎರಡರಲ್ಲೂ ಹಳೆಯ ತುಣುಕುಗಳಿವೆ. ಹಳೆಯ ಪ್ರವಾಸ ಬರಹಗಳಲ್ಲಿ ಲ್ಯಾಕಬೇನ್ ಎಂಬ ಮೂರನೆಯ ಕೋರ್ಸಿನ ಹೆಸರೂ ಸಿಗುತ್ತದೆ. ಅದನ್ನು ಮುಚ್ಚಿ ವರ್ಷಗಳಾದವು, ಹುಡುಕಬೇಡಿ.

ಕಿಲ್ಲೀನ್: ಶುರುವಿನಲ್ಲೇ ನೀರು

ದೊಡ್ಡ ಪಂದ್ಯಗಳು ನಡೆದದ್ದು ಇಲ್ಲಿ. ಐರಿಶ್ ಓಪನ್ 1991 ಮತ್ತು 1992ರಲ್ಲಿ ಇಲ್ಲಿ ನಡೆದಾಗ ಎರಡೂ ಸಲ ಗೆದ್ದವರು ನಿಕ್ ಫಾಲ್ಡೊ. 2010ರಲ್ಲಿ ರಾಸ್ ಫಿಶರ್, ಅದರಲ್ಲೂ ಎರಡನೆಯ ದಿನ 61 ಹೊಡೆತಗಳಲ್ಲಿ ಮುಗಿಸಿ. 2011ರಲ್ಲಿ ಸೈಮನ್ ಡೈಸನ್. ಮಹಿಳಾ ಹವ್ಯಾಸಿಗಳ ಕರ್ಟಿಸ್ ಕಪ್ 1996ರಲ್ಲಿ ಇಲ್ಲೇ ಆಯಿತು. ಹಿಂದಿನ ಟೀಗಳಿಂದ (ಟೀ ಎಂದರೆ ಹೋಲಿನ ಮೊದಲ ಹೊಡೆತದ ಜಾಗ) ಅಳೆದರೆ ಉದ್ದ 7000 ಗಜ ದಾಟುತ್ತದೆ.

ಭೇಟಿಗಾರರಿಗೆ ತೊಂದರೆ ಕೊಡುವುದು ಈ ಉದ್ದವಲ್ಲ, ಆರಂಭ. ಮೊದಲ ಹೋಲ್ ದಡವನ್ನು ಅನುಸರಿಸಿ ಬಲಕ್ಕೆ ಬಾಗುತ್ತದೆ, ಸರೋವರ ಬಲಗಡೆ. ಮೂರನೆಯದು ಪಾರ್ 3, ನೀರು ಮತ್ತೆ ಬಲಕ್ಕೆ. ನಾಲ್ಕನೆಯದರಲ್ಲೂ ಅದೇ ಕಥೆ. ಬಲಗೈ ಆಟಗಾರರಲ್ಲಿ ಬಹುಪಾಲು ಜನರ ಚೆಂಡು ತಪ್ಪಿದರೆ ಬಲಕ್ಕೆ ತಿರುಗುತ್ತದೆ, ಸ್ಲೈಸ್ ಅಂದರೆ ಅದೇ. ರೈಲಿನಲ್ಲೋ ಕಾರಿನಲ್ಲೋ ಗಂಟೆಗಟ್ಟಲೆ ಕೂತು ಬಂದು, ಮೈ ಸಡಿಲಾಗುವ ಮೊದಲೇ ಟೀಗೆ ಹೋದವರಿಗೆ ಈ ನಾಲ್ಕು ಹೋಲಿನಲ್ಲಿ ಮೂರು ಚೆಂಡು ಕಳೆಯುವುದು ದೊಡ್ಡ ಮಾತಲ್ಲ. ಮೊದಲ ಹೋಲಿನಲ್ಲಿ ಅಡ್ಡದಾರಿ ಹಿಡಿದು ನೀರಿನ ಮೇಲೆ ಹಾರಿಸುವ ಆಸೆ ಹುಟ್ಟುತ್ತದೆ, ಬಾಗು ಅಷ್ಟು ಹತ್ತಿರ ಕಾಣುತ್ತದೆ. ಅತಿ ದೂರ ಹೊಡೆಯುವ ಕೋಲಾದ ಡ್ರೈವರ್ ಚೀಲದಲ್ಲೇ ಇರಲಿ. ಅದಕ್ಕಿಂತ ಕಡಿಮೆ ದೂರ ಹೋಗುವ ಹೈಬ್ರಿಡ್ ಅಥವಾ ಉದ್ದನೆಯ ಐರನ್ ಹಿಡಿದು ಫೇರ್‌ವೇಯ (ಹುಲ್ಲು ಕತ್ತರಿಸಿದ ಹಾದಿಯ) ಎಡ ಅರ್ಧಕ್ಕೆ ಹೊಡೆಯಿರಿ. ಎರಡನೆಯ ಹೊಡೆತಕ್ಕೆ ಒಂದು ಮೆಟ್ಟಿಲು ಹೆಚ್ಚು ದೂರದ ಕ್ಲಬ್ (ಹೊಡೆಯುವ ಕೋಲು) ಬೇಕಾಗುತ್ತದೆ, ಆದರೆ ಚೆಂಡು ಒಣಗಿರುತ್ತದೆ.

ದಡ ಬಿಟ್ಟ ಮೇಲೂ ನೀರು ಬಿಡುವುದಿಲ್ಲ, ತೊರೆ ಮತ್ತು ಕೊಳಗಳ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ಗ್ರೀನಿನ (ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ) ಮುಂದೆ ಉರುಳಿಸಿ ಏರಿಸುವ ಆಟಕ್ಕೆ ಇಲ್ಲಿ ಜಾಗ ಕಡಿಮೆ. ಚೆಂಡನ್ನು ಎತ್ತರಕ್ಕೆ ಎಬ್ಬಿಸಿ ಗ್ರೀನಿನ ಮೇಲೇ ಇಳಿಸುವವರಿಗೆ ಕಿಲ್ಲೀನ್ ಒಲಿಯುತ್ತದೆ.

ಮಹನೀಸ್ ಪಾಯಿಂಟ್: ಕೊನೆಗೆ ಇಟ್ಟ ಪರೀಕ್ಷೆ

ಕಿಲ್ಲೀನಿಗಿಂತ ಕೆಲವು ನೂರು ಗಜ ಚಿಕ್ಕದು, ಆಟದ ಶುಲ್ಕವಾದ ಗ್ರೀನ್ ಫೀ ಸಾಮಾನ್ಯವಾಗಿ ಕಡಿಮೆ, ಟೀ ಟೈಮ್ (ಆಟ ಶುರುಮಾಡಲು ಗೊತ್ತುಮಾಡಿದ ಹೊತ್ತು) ಸಿಗುವುದೂ ಸುಲಭ. ಬಹುಪಾಲು ಹೋಲುಗಳು ಒಳನಾಡಿನ ಪಾರ್ಕ್‌ಲ್ಯಾಂಡ್: ದೊಡ್ಡ ಮರಗಳು, ಮಟ್ಟಸ ನೆಲ, ತಪ್ಪಿಗೆ ಸ್ವಲ್ಪ ಕ್ಷಮೆ. ಸರೋವರವನ್ನು ಕ್ಯಾಸಲ್‌ರಾಸ್ ಕೊನೆಗೆಂದು ಎತ್ತಿಟ್ಟಿದ್ದ. ಹದಿನಾರನೆಯದು ಪಾರ್ 5, ಆಡುತ್ತಾ ಆಡುತ್ತಾ ನೀರಿನ ಕಡೆಗೇ ಇಳಿಯುತ್ತೀರಿ, ಎದುರಿಗೆ ಮೆಕ್‌ಗಿಲಿಕಡ್ಡೀಸ್ ರೀಕ್ಸ್ ಬೆಟ್ಟಸಾಲು. ಐರ್ಲೆಂಡಿನ ಅತಿ ಎತ್ತರದ ಶಿಖರ ಕ್ಯಾರನ್‌ಟೂಹಿಲ್, 1038 ಮೀಟರ್, ಇದೇ ಸಾಲಿನಲ್ಲಿದೆ. ಹದಿನೇಳನೆಯದು ದಡದುದ್ದಕ್ಕೆ. ಹದಿನೆಂಟನೆಯದು ಪಾರ್ 3, ಹಿಂದಿನ ಟೀಯಿಂದ 200 ಗಜದ ಹತ್ತಿರ, ಸರೋವರದ ಒಂದು ಮೂಲೆಯನ್ನು ದಾಟಿ ಹೊಡೆಯಬೇಕು. ಗ್ರೀನನ್ನು ಪೈನ್ ಮರಗಳೂ ರೋಡೋಡೆಂಡ್ರನ್ ಪೊದೆಗಳೂ ಸುತ್ತುವರಿದಿವೆ. ಹದಿನೆಂಟು ಹೋಲಿನ ಕೋರ್ಸನ್ನು ಪಾರ್ 3ರಿಂದ ಮುಗಿಸುವುದು ಅಪರೂಪ. ಕೆಲವರಿಗೆ ಅದು ಅರ್ಧಕ್ಕೆ ನಿಲ್ಲಿಸಿದಂತೆ ಅನ್ನಿಸುತ್ತದೆ. ನಮ್ಮ ಲೆಕ್ಕದಲ್ಲಿ ಈ ಒಂದು ಹೋಲಿಗಾಗಿಯೇ ಕೋರ್ಸಿನ ಹಣ ಕೊಡಬಹುದು.

ಇಲ್ಲಿ ಆಗುವ ತಪ್ಪು ಒಂದೇ, ಚೆಂಡು ಗಿಡ್ಡವಾಗುವುದು. ಹದಿನೇಳು ಹೋಲು ಆಡಿ ದಣಿದ ಕಾಲು, ಸಂಜೆಯ ತಂಪು, ನೀರಿನ ಕಡೆಯಿಂದ ಬರುವ ಗಾಳಿ, ಕಣ್ಣೆದುರು ನೀರು ಕಂಡಾಗ ಬಿಗಿಯಾಗುವ ಹಿಡಿತ, ಇವೆಲ್ಲ ಕೂಡಿ ಕೆಲಸ ಮಾಡುತ್ತವೆ. ಬಾವುಟದ ದೂರಕ್ಕೆ ಕ್ಲಬ್ ಆರಿಸಬೇಡಿ, ಗ್ರೀನಿನ ಹಿಂಬದಿಯ ದೂರಕ್ಕೆ ಆರಿಸಿ.

ಬೆಂಗಳೂರಿನ 150 ಗಜ ಇಲ್ಲಿ ಎಷ್ಟು?

ಚಳ್ಳಘಟ್ಟದ ಕೆ.ಜಿ.ಎ. (ಕರ್ನಾಟಕ ಗಾಲ್ಫ್ ಅಸೋಸಿಯೇಶನ್) ಆಗಲಿ, ಹೈಗ್ರೌಂಡ್ಸಿನ ಬೆಂಗಳೂರು ಗಾಲ್ಫ್ ಕ್ಲಬ್ ಆಗಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿವೆ. ಅಲ್ಲಿ ಗಾಳಿ ತೆಳು, ಚೆಂಡಿಗೆ ತಡೆ ಕಡಿಮೆ. ಪ್ರತಿ 300 ಮೀಟರ್ ಎತ್ತರಕ್ಕೆ ದೂರ ಸುಮಾರು ಶೇ. 1ರಷ್ಟು ಹೆಚ್ಚುತ್ತದೆ ಎಂದು ಹಿಡಿಯಬಹುದು. ಲಾಕ್ ಲೇನ್ ಇರುವುದು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ. ಅಂದರೆ ಊರಲ್ಲಿ ಪುಕ್ಕಟೆ ಸಿಗುತ್ತಿದ್ದ ಶೇ. 3 ಇಲ್ಲಿ ಹೋಯಿತು.

ಎರಡನೆಯದು ಚಳಿ. ಬೆಂಗಳೂರಿನ 28 ಡಿಗ್ರಿಯಿಂದ ಕಿಲ್ಲಾರ್ನಿಯ 14 ಡಿಗ್ರಿಗೆ ಇಳಿದರೆ ಗಾಳಿ ದಟ್ಟವಾಗುತ್ತದೆ, ಚೆಂಡಿನ ಒಳಭಾಗ ಗಟ್ಟಿಯಾಗಿ ಪುಟಿತ ತಗ್ಗುತ್ತದೆ. ಡ್ರೈವರಿನಲ್ಲಿ ಐದು ಗಜದಷ್ಟು, ಐರನ್ನಿನಲ್ಲಿ ಮೂರು ಗಜದಷ್ಟು ಹೋಗುತ್ತದೆ. ಮೇಲೊಂದು ಸ್ವೆಟರ್, ಅದರ ಮೇಲೆ ಮಳೆಯಂಗಿ ಹಾಕಿದರೆ ತೋಳು ಪೂರ್ತಿ ತಿರುಗುವುದಿಲ್ಲ, ಅದರ ಲೆಕ್ಕ ಬೇರೆ.

ಒಟ್ಟಿನಲ್ಲಿ ಊರಿನಲ್ಲಿ ಏಳನೆಯ ಐರನ್ನಿನಿಂದ 150 ಗಜ ಹೊಡೆಯುವವರು ಇಲ್ಲಿ 142 ಎಂದುಕೊಳ್ಳಬೇಕು. ಹೆಚ್ಚುಕಡಿಮೆ ಒಂದು ಕ್ಲಬ್ಬಿನ ವ್ಯತ್ಯಾಸ. 230 ಗಜದ ಡ್ರೈವ್ ಹನ್ನೆರಡು ಗಜ ಕುಗ್ಗುತ್ತದೆ, ಆಮೇಲೆ ಉರುಳುವುದೂ ಇಲ್ಲ. ಫೆಬ್ರುವರಿ ಮಾರ್ಚಿನ ಬೆಂಗಳೂರಿನಲ್ಲಿ ಒಣಗಿದ ಬರ್ಮುಡಾ ಹುಲ್ಲಿನ ಮೇಲೆ ಚೆಂಡು ಇಪ್ಪತ್ತು ಮೂವತ್ತು ಗಜ ಓಡಿದ ನೆನಪು ಇರುತ್ತದೆಯಲ್ಲ, ಅದನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಬನ್ನಿ. ಕೆರಿಯ ನೆಲ ಬಹುಕಾಲ ಒದ್ದೆ. ಚೆಂಡು ಬಿದ್ದಲ್ಲೇ ನಿಲ್ಲುತ್ತದೆ, ಕೆಲವೊಮ್ಮೆ ಮಣ್ಣಿನಲ್ಲಿ ಹೂತೇಹೋಗುತ್ತದೆ. ಹಾಗೆ ತಾನೇ ಮಾಡಿದ ಕುಳಿಯಲ್ಲಿ ಹೂತ ಚೆಂಡನ್ನು ಫೇರ್‌ವೇಯಲ್ಲಾಗಲಿ ಉದ್ದ ಹುಲ್ಲಿನ ರಫ್‌ನಲ್ಲಾಗಲಿ ದಂಡವಿಲ್ಲದೆ ಎತ್ತಿ, ಒರೆಸಿ, ಆ ಜಾಗದ ಸರಿಹಿಂದೆ ಒಂದು ಕ್ಲಬ್ ಉದ್ದದೊಳಗೆ, ಬಾವುಟದ ಕುಳಿಗೆ ಹತ್ತಿರವಾಗದಂತೆ ಮೊಣಕಾಲಿನ ಎತ್ತರದಿಂದ ಬಿಡಬಹುದು. ಬಂಕರಿನ ಮರಳಿನಲ್ಲಿ ಹೂತರೆ ಈ ಸೌಲಭ್ಯವಿಲ್ಲ.

ಗಾಳಿಗೆ ಒಂದು ಕಚ್ಚಾ ಸೂತ್ರವಿದೆ. ಎದುರುಗಾಳಿಯ ವೇಗ ಗಂಟೆಗೆ ಹತ್ತು ಮೈಲಿಯಿದ್ದರೆ ದೂರದಲ್ಲಿ ಶೇ. 10 ಕಳೆಯಿರಿ, ಬೆನ್ನಗಾಳಿಗೆ ಶೇ. 5 ಮಾತ್ರ ಕೂಡಿಸಿ. ಎರಡನ್ನೂ ಸಮ ಎಂದು ಎಣಿಸುವುದು ಸಾಮಾನ್ಯ ತಪ್ಪು. ಇಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ, ಅಟ್ಲಾಂಟಿಕ್ ಕಡೆಯಿಂದ ಬೀಸುತ್ತದೆ.

ಇನ್ನೊಂದು ಸಣ್ಣ ಬಲೆ: ಐರ್ಲೆಂಡಿನಲ್ಲಿ ದೂರವನ್ನು ಮೀಟರಿನಲ್ಲಿ ಗುರುತಿಸುವ ಕೋರ್ಸುಗಳೂ ಇವೆ, ಗಜದವೂ ಇವೆ. ಫೇರ್‌ವೇ ಪಕ್ಕದ 150ರ ಗುರುತು ಮೀಟರಿನದ್ದಾಗಿದ್ದರೆ ಅದು 164 ಗಜ. ಸ್ಕೋರ್ ಕಾರ್ಡಿನ ಮೇಲ್ತುದಿಯನ್ನು ಒಮ್ಮೆ ಓದಿ, ದೂರ ಅಳೆಯುವ ರೇಂಜ್‌ಫೈಂಡರನ್ನು ಅದೇ ಅಳತೆಗೆ ಹೊಂದಿಸಿ.

ಯಾವ ಟೀ?

ಕೋರ್ಸಿನ ಆಯ್ಕೆಗಿಂತ ಟೀಯ ಆಯ್ಕೆ ದಿನವನ್ನು ಹೆಚ್ಚು ಕೆಡಿಸುತ್ತದೆ. ಐದನೆಯ ಐರನ್ನಿನ ದೂರವನ್ನು 36ರಿಂದ ಗುಣಿಸಿದರೆ ನಿಮಗೆ ಒಗ್ಗುವ ಒಟ್ಟು ಉದ್ದ ಸಿಗುತ್ತದೆ. ಊರಿನಲ್ಲಿ 165 ಎಂದರೆ ಇಲ್ಲಿ 157, ಗುಣಿಸಿದರೆ ಸುಮಾರು 5650 ಗಜ. ಕಾರ್ಡಿನಲ್ಲಿ ಆ ಉದ್ದಕ್ಕೆ ಹತ್ತಿರವಿರುವ ಟೀ ಯಾವ ಬಣ್ಣದ್ದಾದರೂ ಅಲ್ಲಿಂದಲೇ ಆಡಿ. ‘ಇಷ್ಟು ದೂರ ಬಂದಿದ್ದೇವೆ, ಪೂರ್ತಿ ಕೋರ್ಸ್ ನೋಡೋಣ’ ಎಂದು ಹಿಂದಿನ ಟೀಗೆ ಹೋದ ನಾಲ್ವರು ಐದೂವರೆ ಗಂಟೆ ತೆಗೆದುಕೊಳ್ಳುತ್ತಾರೆ, ಹಿಂದಿನ ಗುಂಪಿನ ಶಾಪವನ್ನೂ ತೆಗೆದುಕೊಳ್ಳುತ್ತಾರೆ.

ಹ್ಯಾಂಡಿಕ್ಯಾಪಿನ (ಆಟದ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತಗಳ) ಲೆಕ್ಕ ಊರಿನದ್ದೇ: ನಿಮ್ಮ ಇಂಡೆಕ್ಸನ್ನು (ನಿಮ್ಮ ಆಟದ ಮಟ್ಟದ ಅಂಕಿ) ಆ ಟೀಯ ಸ್ಲೋಪ್ ರೇಟಿಂಗಿನಿಂದ (ಸಾಮಾನ್ಯ ಆಟಗಾರರಿಗೆ ಅದು ಎಷ್ಟು ಕಷ್ಟ ಎಂಬ ಅಂಕಿ) ಗುಣಿಸಿ, 113ರಿಂದ ಭಾಗಿಸಿ, ಕೋರ್ಸ್ ರೇಟಿಂಗಿನಲ್ಲಿ (ನುರಿತ ಆಟಗಾರರಿಂದ ಆ ಟೀಗೆ ನಿರೀಕ್ಷಿಸುವ ಹೊಡೆತಗಳು) ಪಾರ್ ಕಳೆದು ಉಳಿದದ್ದನ್ನು ಸೇರಿಸಿ. ಉದಾಹರಣೆಗೆ ಇಂಡೆಕ್ಸ್ 18, ಸ್ಲೋಪ್ 130, ಕೋರ್ಸ್ ರೇಟಿಂಗ್ 71, ಪಾರ್ 72 ಎಂದಿಟ್ಟುಕೊಂಡರೆ 20.7ರಲ್ಲಿ 1 ಹೋಗಿ 19.7, ಅಂದರೆ 20 ಹೊಡೆತ. ಸ್ನೇಹಿತರೊಳಗಿನ ಆಟವಾದರೆ ಪ್ರತಿ ಹೋಲಿಗೆ ಅಂಕ ಕೊಡುವ ಸ್ಟೇಬಲ್‌ಫರ್ಡ್ ಲೆಕ್ಕ ಇಟ್ಟುಕೊಳ್ಳಿ. ನೀರಿನ ಹೋಲೊಂದರಲ್ಲಿ ಹಾಳಾದರೆ ಸೊನ್ನೆ ಬರೆದು ಚೆಂಡೆತ್ತಿ ಮುಂದೆ ನಡೆಯಬಹುದು. ಕಿಲ್ಲೀನಿನಲ್ಲಂತೂ ಇದೇ ಸರಿ.

ಚೆಂಡು ನೀರಿಗೆ ಬಿದ್ದರೆ

ಬೀಳುತ್ತದೆ. ದಂಡ ಒಂದು ಹೊಡೆತ. ಆಮೇಲೆ ಏನು ಮಾಡಬಹುದು ಎಂಬುದು ನೀರಿನ ಗಡಿ ಗುರುತಿಸುವ ಗೂಟದ ಬಣ್ಣದ ಮೇಲೆ. ಗೂಟ ಹಳದಿಯಾದರೆ ಎರಡೇ ದಾರಿ: ಮೊದಲು ಹೊಡೆದಲ್ಲಿಂದಲೇ ಮತ್ತೆ ಹೊಡೆಯುವುದು, ಇಲ್ಲವೇ ಚೆಂಡು ಗಡಿ ದಾಟಿದ ಬಿಂದುವನ್ನೂ ಕುಳಿಯನ್ನೂ ಸೇರಿಸುವ ಗೆರೆಯಲ್ಲಿ ಹಿಂದಕ್ಕೆ ಹೋಗಿ ಬಿಡುವುದು. ಗೂಟ ಕೆಂಪಾದರೆ ಮೂರನೆಯ ದಾರಿಯೂ ಇದೆ, ಗಡಿ ದಾಟಿದ ಬಿಂದುವಿನಿಂದ ಎರಡು ಕ್ಲಬ್ ಉದ್ದದೊಳಗೆ, ಕುಳಿಗೆ ಹತ್ತಿರವಾಗದಂತೆ. ದಡದುದ್ದಕ್ಕೆ ಸಾಗುವ ಹೋಲಿನಲ್ಲಿ ಈ ಮೂರನೆಯದೇ ಲಾಭ. ನೀರಿನ ಮೇಲೆ ಅಡ್ಡ ಹೊಡೆಯುವ ಪಾರ್ 3ರಲ್ಲಿ ಗಿಡ್ಡವಾದ ಚೆಂಡು ಗಡಿ ದಾಟಿರುವುದು ಟೀ ಪಕ್ಕದಲ್ಲೇ. ಹಾಗಾಗಿ ಬೇರೆ ಡ್ರಾಪ್ ಜಾಗ ಗುರುತಿಸಿರದಿದ್ದರೆ ಟೀಯಿಂದಲೇ ಮತ್ತೆ ಹೊಡೆಯುವುದು ಮೇಲು. ಹಾಗೆ ಹೊಡೆಯುವಾಗ ಚೆಂಡನ್ನು ಹುಲ್ಲಿನ ಮೇಲೆ ಬಿಡಬೇಕಿಲ್ಲ, ಮತ್ತೆ ಟೀ ಕಡ್ಡಿಯ ಮೇಲಿಡಬಹುದು, ಟೀ ಜಾಗದೊಳಗೆ ಎಲ್ಲಿಯಾದರೂ. ಅನುಭವಿಗಳೂ ಇದನ್ನು ಮರೆಯುತ್ತಾರೆ.

ಚೆಂಡು ನೀರಿಗೆ ಬಿದ್ದದ್ದನ್ನು ಕಣ್ಣಾರೆ ಕಂಡ ಮೇಲೆ ‘ಪ್ರೊವಿಶನಲ್’ (ಮೊದಲನೆಯದು ಸಿಗದಿದ್ದರೆ ಇರಲೆಂದು ಹೊಡೆಯುವ ಚೆಂಡು) ಎಂದು ಇನ್ನೊಂದು ಹೊಡೆಯುವಂತಿಲ್ಲ. ಹೊಡೆದರೆ ಅದೇ ಆಟದ ಚೆಂಡಾಗುತ್ತದೆ. ಹುಡುಕಾಟಕ್ಕೆ ಮೂರು ನಿಮಿಷ. ರೋಡೋಡೆಂಡ್ರನ್ ಪೊದೆಯೊಳಗೆ ಅಷ್ಟೂ ಹೊತ್ತು ಖರ್ಚು ಮಾಡಬೇಡಿ, ಒಳಗೆ ಕೈ ಹಾಕಲೂ ಸಂದಿಯಿರುವುದಿಲ್ಲ.

ಕಿಲ್ಲೀನಿಗೆ ಒಂದು ಡಜನ್ ಚೆಂಡು, ಮಹನೀಸ್ ಪಾಯಿಂಟಿಗೆ ಅರ್ಧ ಡಜನ್ ಇಟ್ಟುಕೊಂಡರೆ ಸಾಕು. ಬಳಸಿದ ಒಳ್ಳೆಯ ಚೆಂಡುಗಳೇ ಆಗಲಿ. ದಡದ ಹೋಲಿನಲ್ಲಿ ಹೊಸದನ್ನು ಬಿಚ್ಚಿದವರ ಕೈ ಅದರ ಬೆಲೆಯನ್ನು ನೆನೆಯುತ್ತಿರುತ್ತದೆ.

ಕ್ಯಾಡಿಯೋ, ಟ್ರಾಲಿಯೋ, ಬಗ್ಗಿಯೋ?

ನಮ್ಮಲ್ಲಿ ಕ್ಯಾಡಿ ಇಲ್ಲದ ಗಾಲ್ಫ್ ಊಹಿಸುವುದೇ ಕಷ್ಟ. ಚೀಲ ಹೊರುವುದು, ಚೆಂಡು ಹುಡುಕುವುದು, ದೂರ ಹೇಳುವುದು, ಗ್ರೀನಿನ ಇಳಿಜಾರು ಓದುವುದು, ಬಂಕರ್ ಗುಡಿಸುವುದು ಎಲ್ಲ ಅವರದ್ದೇ. ಅಲ್ಲಿ ಮುಂಚಿತವಾಗಿ ಹೇಳಿಟ್ಟರಷ್ಟೇ ಕ್ಯಾಡಿ, ಖರ್ಚೂ ಹೆಚ್ಚು. ಬಹುತೇಕ ಜನ ಟ್ರಾಲಿ ತಳ್ಳುತ್ತಾರೆ. ನೆಲ ಬಹುಪಾಲು ಮಟ್ಟಸವಾದ್ದರಿಂದ ಕೈಟ್ರಾಲಿ ಸಾಕು. ಮೊಣಕಾಲು ನೋವಿದ್ದರೆ ಬ್ಯಾಟರಿ ಟ್ರಾಲಿ. ಕೂತು ಓಡಾಡುವ ಪುಟ್ಟ ಗಾಡಿಯಾದ ಬಗ್ಗಿಯನ್ನು ನಂಬಿಕೊಂಡು ಹೋಗಬೇಡಿ. ಮಳೆ ಹೆಚ್ಚಾದ ದಿನ ಫೇರ್‌ವೇಯ ಮೇಲೆ ಬಗ್ಗಿ ಬಿಡುವುದಿಲ್ಲ, ದಾರಿಯಲ್ಲಿ ನಿಲ್ಲಿಸಿ ಚೆಂಡಿನ ತನಕ ನಡೆದು ಹೋಗಿ ಬರುವಷ್ಟರಲ್ಲಿ ಟ್ರಾಲಿಗಿಂತ ಹೆಚ್ಚು ನಡೆದಿರುತ್ತೀರಿ.

ಕ್ಯಾಡಿ ಇಲ್ಲದಾಗ ಬಂಕರಿನ ಹೆಜ್ಜೆಗುರುತು ಗುಡಿಸುವುದು, ಗ್ರೀನಿನಲ್ಲಿ ಚೆಂಡು ಮಾಡಿದ ಗುಂಡಿ ಮುಚ್ಚುವುದು ನಿಮ್ಮ ಕೆಲಸ. ಗುಂಡಿಯನ್ನು ಅಡಿಯಿಂದ ಮೀಟಿ ಮೇಲೆತ್ತಬಾರದು, ಬೇರು ಹರಿದು ಹುಲ್ಲು ಒಣಗುತ್ತದೆ. ಅಂಚಿನಿಂದ ನಡುವಿಗೆ ಒತ್ತಿ, ಪಟರಿನ ತಳದಿಂದ ತಟ್ಟಿದರೆ ಆಯಿತು. ಗ್ರೀನಿನ ವಿಷಯಕ್ಕೆ ಬಂದರೆ, ಬರ್ಮುಡಾದಲ್ಲಿ ಹುಲ್ಲು ಮಲಗಿದ ದಿಕ್ಕಿಗೆ ಚೆಂಡು ಎಳೆದುಕೊಂಡು ಹೋಗುತ್ತದೆ. ಅಲ್ಲಿನ ಚಳಿನಾಡಿನ ಹುಲ್ಲಿನಲ್ಲಿ ಆ ಎಳೆತ ಅಷ್ಟಿಲ್ಲ, ಇಳಿಜಾರು ಕಂಡಂತೆಯೇ ಆಡಿ.

ಯಾವಾಗ, ಯಾವ ಹೊತ್ತಿಗೆ?

ಮೇ ಮತ್ತು ಜೂನ್. ಮಳೆ ತುಸು ಕಡಿಮೆ, ರೋಡೋಡೆಂಡ್ರನ್ ಹೂ ಬಿಟ್ಟಿರುತ್ತದೆ (ಕಣ್ಣಿಗೆ ಹಬ್ಬ, ಆದರೆ ಅಲ್ಲಿನ ರಾಷ್ಟ್ರೀಯ ಉದ್ಯಾನಕ್ಕೆ ಅದು ನಮ್ಮ ಕಾಡಿಗೆ ಲಂಟಾನ ಇದ್ದಂತೆ, ತೆಗೆದಷ್ಟೂ ಬರುವ ಕಳೆ). ಜೂನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಸುಮಾರಿಗೆ. ಸಂಜೆ ನಾಲ್ಕೂವರೆಗೆ ಟೀ ಬಿಟ್ಟರೂ ಹದಿನೆಂಟು ಹೋಲು ನಿರಾಳವಾಗಿ ಮುಗಿಯುತ್ತದೆ, ಇಳಿಹೊತ್ತಿನ ದರ ಇದ್ದರೆ ಹಣವೂ ಉಳಿಯುತ್ತದೆ. ಮಹನೀಸ್ ಪಾಯಿಂಟನ್ನು ಸಂಜೆಗೇ ಇಡಬೇಕು, ಕೊನೆಯ ಮೂರು ಹೋಲು ಆ ಬೆಳಕಿನಲ್ಲಿ ಬರಲೆಂದು. ಕಿಲ್ಲೀನಿಗೆ ಬೆಳಿಗ್ಗೆಯಾದರೆ ಸರಿ, ಆದರೆ ಟೀ ಟೈಮಿಗೆ ಒಂದು ಗಂಟೆ ಮೊದಲೇ ಹೋಗಿ ಮೂವತ್ತು ಚೆಂಡು ಹೊಡೆದು ಮೈ ಬಿಸಿ ಮಾಡಿಕೊಂಡವರಿಗೆ ಮಾತ್ರ. ಗಾಳಿ ನಿಂತ ಸಂಜೆ ನೀರಿನ ಬಳಿ ಮಿಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನೊಣಗಳು ಮುತ್ತುತ್ತವೆ, ಸೊಳ್ಳೆಗೆ ಹಚ್ಚುವ ಮುಲಾಮು ಚೀಲದಲ್ಲಿರಲಿ. ಡಿಸೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲು, ಆಗ ಹೋಗಬೇಡಿ.

ಒಂದೆರಡು ಸುತ್ತಿಗಾಗಿ ಭಾರತದಿಂದ ಕ್ಲಬ್ ಚೀಲ ಹೊತ್ತೊಯ್ಯುವುದು ದಂಡ, ಅಲ್ಲೇ ಬಾಡಿಗೆಗೆ ತೆಗೆದುಕೊಳ್ಳಿ. ಶಾಫ್ಟ್ ರೆಗ್ಯುಲರೋ ಸ್ಟಿಫೋ, ಎಡಗೈಯವರಾದರೆ ಎಡಗೈ ಸೆಟ್ ಇದೆಯೋ ಎಂದು ಮೊದಲೇ ಕೇಳಿ. ನಾಲ್ಕಕ್ಕಿಂತ ಹೆಚ್ಚು ಸುತ್ತು ಆಡುವಿರಾದರೆ ನಿಮ್ಮದೇ ಸೆಟ್ ಒಳ್ಳೆಯದು. ಯಾವುದಾದರೂ ಸರಿ, ಶೂ ಮಾತ್ರ ನಿಮ್ಮದೇ ಇರಲಿ, ನೀರು ಒಳಗಿಳಿಯದಂಥದ್ದು. ಗ್ಲೋವ್ ಮೂರು: ಒಂದು ಕೈಯಲ್ಲಿ, ಎರಡು ಜಿಪ್ ಕವರಿನಲ್ಲಿ ಒಣಗಿ.

ಮೂರನೆಯ ಆಯ್ಕೆ

ಫಾಲ್ಡೊ ಹೆಸರು ಬಂತಲ್ಲ. ಕಿಲ್ಲೀನಿನಲ್ಲಿ ಎರಡು ಸಲ ಗೆದ್ದ ಅವರೇ ವಿನ್ಯಾಸ ಮಾಡಿದ ಸರೋವರದ ಕೋರ್ಸ್ ಬಡಗಣ ಐರ್ಲೆಂಡಿನ ಎನ್ನಿಸ್ಕಿಲೆನ್ ಬಳಿಯ ಲಾಕ್ ಅರ್ನ್ ರೆಸಾರ್ಟಿನಲ್ಲಿದೆ, 2009ರಲ್ಲಿ ಶುರುವಾಯಿತು. 2013ರ ಜಿ-8 ಶೃಂಗಸಭೆ ನಡೆದದ್ದು ಆ ರೆಸಾರ್ಟಿನಲ್ಲೇ. ಎರಡು ನೀರಿನ ನಡುವಿನ ಭೂಶಿರದ ಮೇಲಿರುವ ಈ ಕೋರ್ಸಿನಲ್ಲಿ ಕಿಲ್ಲಾರ್ನಿಯ ಎರಡಕ್ಕಿಂತಲೂ ಹೆಚ್ಚು ಹೋಲುಗಳಲ್ಲಿ ನೀರು ಎದುರಾಗುತ್ತದೆ. ಕೈ ಪಳಗಿದವರಿಗೆ, ರೆಸಾರ್ಟಿನಲ್ಲೇ ಉಳಿಯುವವರಿಗೆ ಅದು ಚೆನ್ನ.

ಆದರೆ ಅದು ಇರುವುದು ಬ್ರಿಟನ್ನಿನ ಆಡಳಿತದ ನೆಲದಲ್ಲಿ. ಡಬ್ಲಿನ್ನಿನಿಂದ ಕಾರಿನಲ್ಲಿ ಹೋದರೆ ಗಡಿಯಲ್ಲಿ ಗೇಟಿಲ್ಲ, ತಪಾಸಣೆಯ ಸಾಲಿಲ್ಲ. ಹಾಗೆಂದು ವೀಸಾ ಬೇಡವೆಂದಲ್ಲ. ಐರ್ಲೆಂಡಿನಲ್ಲೇ ಕೆಲಸ ಮಾಡಿಕೊಂಡಿರುವ ಭಾರತೀಯ ಪಾಸ್‌ಪೋರ್ಟಿನ ಕನ್ನಡಿಗರಿಗೂ ಅಲ್ಲಿಗೆ ಬ್ರಿಟಿಷ್ ವೀಸಾ ಬೇಕೇ ಬೇಕು. ಭಾರತದಿಂದ ಹೊರಡುವವರು ವೀಸಾದ ಮೇಲೆ ಬಿ.ಐ.ವಿ.ಎಸ್. (ಬ್ರಿಟಿಷ್-ಐರಿಶ್ ವೀಸಾ ಯೋಜನೆ) ಎಂಬ ಅಕ್ಷರಗಳಿವೆಯೇ ನೋಡಿಕೊಳ್ಳಲಿ, ಇದ್ದರೆ ಎರಡೂ ಕಡೆಗೆ ಅದು ನಡೆಯುತ್ತದೆ. ಕಿಲ್ಲಾರ್ನಿಗೆ ಈ ರಗಳೆಯಿಲ್ಲ, ಐರಿಶ್ ವೀಸಾ ಸಾಕು. ಕೆರಿ ವಿಮಾನ ನಿಲ್ದಾಣ ಹದಿನೈದು ಕಿಲೋಮೀಟರಿನಷ್ಟು ಹತ್ತಿರ, ಕಾರ್ಕ್ ತೊಂಬತ್ತರಷ್ಟು. ಡಬ್ಲಿನ್ನಿನ ಹ್ಯೂಸ್ಟನ್ ನಿಲ್ದಾಣದಿಂದ ರೈಲಿನಲ್ಲಿ ಮೂರೂಕಾಲು ಗಂಟೆಯ ಮೇಲೆ, ಹೆಚ್ಚಿನ ರೈಲಿಗೆ ಮ್ಯಾಲೋದಲ್ಲಿ ಬದಲಿಸಬೇಕು.

ನಮ್ಮ ತೀರ್ಪು ಕೇಳಿದರೆ ಹೀಗೆ. ಡ್ರೈವರ್ ಗಾಳಿಯಲ್ಲೇ 200 ಗಜ ದಾಟಿಸುವವರು, ಇಂಡೆಕ್ಸ್ 15ರೊಳಗಿನವರು, ಟಿ.ವಿ.ಯಲ್ಲಿ ಕಂಡ ನೆಲದ ಮೇಲೆ ನಿಲ್ಲಬೇಕೆನ್ನುವವರು ಕಿಲ್ಲೀನ್ ಆಡಲಿ. ಉಳಿದವರು, ಹೊಸಬರನ್ನು ಜೊತೆಗೆ ಕರೆತಂದವರು, ಸಂಜೆ ಮಾತ್ರ ಬಿಡುವಿದ್ದವರು ಮಹನೀಸ್ ಪಾಯಿಂಟಿಗೆ ಹೋಗಲಿ. ಬುಕ್ ಮಾಡುವಾಗ ಕೋರ್ಸಿನ ಹೆಸರನ್ನು ಬರೆದೇ ಖಚಿತಪಡಿಸಿಕೊಳ್ಳಿ. ಕ್ಲಬ್ಬಿನ ಹೆಸರಷ್ಟೇ ಹೇಳಿದರೆ ಆ ದಿನ ಖಾಲಿಯಿದ್ದ ಕೋರ್ಸು ಸಿಗಬಹುದು. ಹ್ಯಾಂಡಿಕ್ಯಾಪ್ ದಾಖಲೆ ಮೊಬೈಲಿನಲ್ಲಿರಲಿ, ವಾರಾಂತ್ಯದ ಬೆಳಗು ಸದಸ್ಯರ ಪಾಲೆಂದು ತಿಳಿದು ಸೋಮವಾರದಿಂದ ಗುರುವಾರದೊಳಗಿನ ದಿನ ಕೇಳಿ.